ಸಣ್ಣ ಬಜೆಟ್ ಸಿನಿಮಾಕ್ಕೆ ಮಾರುಕಟ್ಟೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಶುರು ಮಾಡುವುದು ಹೇಗೆ

ಗಾಂಧಿನಗರದ ವ್ಯಾಪಾರದಲ್ಲಿ ಕರ್ನಾಟಕವನ್ನು ಏರಿಯಾಗಳಾಗಿ ಹಂಚಿಕೊಂಡಿದ್ದಾರೆ. ನಮ್ಮದು ಬಿ.ಕೆ.ಟಿ. ಏರಿಯಾ. ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಸಿನಿಮಾದವರ ಲೆಕ್ಕದಲ್ಲಿ ಮಾತ್ರ ಅದು ಈಗಲೂ ಕೋಲಾರದ ಜೊತೆಗೇ ಸೇರಿಕೊಂಡಿದೆ. ಬಿ.ಕೆ.ಟಿ. ಹಕ್ಕು ತೆಗೆದುಕೊಳ್ಳುವ ವಿತರಕರ ಕಣ್ಣು ಸಹಜವಾಗಿ ಬೆಂಗಳೂರಿನ ಮೇಲಿರುತ್ತದೆ. ಮಲ್ಟಿಪ್ಲೆಕ್ಸ್ ಇರುವುದು ಅಲ್ಲಿ, ದುಡ್ಡು ಬರುವುದೂ ಅಲ್ಲಿಂದ. ಶಿರಾ, ಚಿಂತಾಮಣಿ, ಮಾಲೂರಿನ ಥಿಯೇಟರ್‌ಗಳು ಆ ಹಕ್ಕಿನ ಜೊತೆ ಸುಮ್ನೆ ಬಂದು ಸೇರುತ್ತವೆ. ದೊಡ್ಡ ಹೀರೋ ಸಿನಿಮಾಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಇಪ್ಪತ್ತು-ಮೂವತ್ತು ಲಕ್ಷದಲ್ಲಿ, ನಮ್ಮ ಊರಿನವರನ್ನೇ ಹಾಕಿಕೊಂಡು ಮಾಡಿದ ಸಿನಿಮಾಕ್ಕೆ ಮಾತ್ರ ಇದರಿಂದ ಬಹಳ ನಷ್ಟ.

ಅದಕ್ಕೇ ನನ್ನ ಸಲಹೆ ಇದು. ಬೆಂಗಳೂರನ್ನು ಬೇಕಾದರೆ ವಿತರಕರಿಗೆ ಕೊಡಿ. ನಿಮ್ಮ ಜಿಲ್ಲೆಯನ್ನು ನೀವೇ ಇಟ್ಟುಕೊಳ್ಳಿ. ಅಲ್ಲಿ ಜನರನ್ನು ನೀವೇ ಸೇರಿಸಿ, ಬಿಡುಗಡೆಯನ್ನು ಅಲ್ಲಿಂದಲೇ ಕಟ್ಟುತ್ತಾ ಹೋಗಿ.

ಪ್ರೇಕ್ಷಕ ಯಾರು ಅಂತ ಮೊದಲು ಬರೆದುಕೊಳ್ಳಿ

‘ಎಲ್ಲರಿಗೂ ಇಷ್ಟವಾಗುವ ಸಿನಿಮಾ’ ಅಂತ ಹೇಳಿದರೆ ಯಾರೂ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಒಂದು ಹಾಳೆಯಲ್ಲಿ ಹೆಸರು ಹೆಸರಾಗಿ ಬರೆಯಿರಿ. ಕಥೆ ರೇಷ್ಮೆ ಬೆಳೆಗಾರರದ್ದಾದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವವರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು, ಅವರ ಮನೆಯವರು. ತೆಂಗಿನ ತೋಟದ ಜಗಳದ ಕಥೆಯಾದರೆ ತಿಪಟೂರು, ತುರುವೇಕೆರೆ. ಟೊಮೆಟೊ ರೇಟಿನ ಕಥೆಯಾದರೆ ಕೋಲಾರದ ಎಪಿಎಂಸಿ. ಹಾಸ್ಟೆಲ್ ಹುಡುಗರ ಕಥೆಯಾದರೆ ತುಮಕೂರಿನ ಕಾಲೇಜುಗಳು.

2023ರಲ್ಲಿ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರಕ್ಕೆ ದುಡ್ಡು ಹಾಕಿದವರು ಪೂರ್ಣಚಂದ್ರ ತೇಜಸ್ವಿಯವರ ಓದುಗರು. ಸಿನಿಮಾ ಮುಗಿಯುವ ಮುಂಚೆಯೇ ಅದನ್ನು ಕಾಯುವ ಜನ ಇದ್ದರು. ನಿಮಗೆ ಅಷ್ಟು ದೊಡ್ಡ ಬಳಗ ಸಿಗದೇ ಇರಬಹುದು. ಆದರೆ ಶೂಟಿಂಗ್ ಮಾಡಿದ ಊರಿನ ಜನ, ಕಲಾವಿದರ ನೆಂಟರಿಷ್ಟರು, ಹಳ್ಳಿಯ ನಾಟಕ ತಂಡ ಇದ್ದೇ ಇರುತ್ತಾರೆ ಅಲ್ವಾ? ಶೂಟಿಂಗ್ ದಿನದಿಂದಲೇ ಅವರ ಫೋನ್ ನಂಬರ್ ತೆಗೆದುಕೊಂಡು ಒಂದು ವಾಟ್ಸಾಪ್ ಗುಂಪು ಮಾಡಿ. ಆರು ತಿಂಗಳ ನಂತರ ಅದರ ಬೆಲೆ ಗೊತ್ತಾಗುತ್ತದೆ.

ಗಡಿ ತಾಲೂಕುಗಳ ವಿಚಾರ ಬೇರೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಮನೆಮಾತು ತೆಲುಗು ಆಗಿರುವವರು ಜಾಸ್ತಿ. ಸಂಕ್ರಾಂತಿ ಸಮಯದಲ್ಲಿ ಅಲ್ಲಿ ತೆಲುಗಿನ ದೊಡ್ಡ ಸಿನಿಮಾಗಳ ಮುಂದೆ ಸ್ಕ್ರೀನ್ ಸಿಗುವುದು ಕಷ್ಟ. ಹಾಗಂತ ಆ ತಾಲೂಕುಗಳನ್ನು ಬಿಡಬೇಡಿ. ನಿಮ್ಮ ಪಾತ್ರಗಳು ಆ ಕಡೆಯ ಕನ್ನಡ-ತೆಲುಗು ಬೆರೆತ ಮಾತನ್ನೇ ಆಡಿದರೆ ಅದನ್ನೇ ಟ್ರೇಲರ್‌ನಲ್ಲಿ ಮುಂದಿಡಿ. ತಮ್ಮ ಮಾತನ್ನು ಪರದೆಯ ಮೇಲೆ ಕೇಳುವ ಅವಕಾಶ ಅಲ್ಲಿಯವರಿಗೆ ಸಿಕ್ಕಿರುವುದೇ ಕಡಿಮೆ.

ಕಾಗದಪತ್ರ ಸರಿ ಮಾಡಿಕೊಳ್ಳಿ

ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ. ಇದನ್ನು ಪೋಸ್ಟರ್ ಬಿಡುವ ಮುಂಚೆಯೇ ಮಾಡಿ. ಕಥೆ, ಚಿತ್ರಕಥೆ, ಸಂಗೀತ, ಸಾಹಿತ್ಯ, ಸಂಕಲನ, ನಟನೆ, ಪ್ರತಿಯೊಂದಕ್ಕೂ ಸಹಿ ಆದ ಒಪ್ಪಂದ ಇರಲಿ. ಸ್ನೇಹಿತನೇ ಹಾಡು ಬರೆದಿದ್ದರೂ ಒಪ್ಪಂದ ಬೇಕು. ಓಟಿಟಿಯವರು ಸಿನಿಮಾ ನೋಡುವ ಮುಂಚೆ ಕೇಳುವುದೇ ಈ ಫೈಲನ್ನು. ಯಾವುದೋ ಹಳೆಯ ಹಾಡು ಹಿನ್ನೆಲೆಯಲ್ಲಿ ರೇಡಿಯೊದಿಂದ ಕೇಳಿಸಿದರೂ ಅದರ ಹಕ್ಕು ಬೇಕಾಗುತ್ತದೆ.

ಸೆನ್ಸಾರ್ ಅರ್ಜಿ ಈಗ ಆನ್‌ಲೈನ್‌ನಲ್ಲಿ, ಇ-ಸಿನೆಪ್ರಮಾಣ್ ಪೋರ್ಟಲ್ ಮೂಲಕ. ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. 2023ರ ತಿದ್ದುಪಡಿಯ ನಂತರ ಯು/ಎ ವರ್ಗ, ಅಂದರೆ ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ವರ್ಗ, ವಯಸ್ಸಿನ ಪ್ರಕಾರ ಮೂರಾಗಿದೆ: 7+, 13+, 16+. ಹಳ್ಳಿ ಕಥೆ ಮಾಡುವವರು ಎರಡು ವಿಷಯ ಮರೆಯುತ್ತಾರೆ. ಒಂದು, ಪ್ರಾಣಿಗಳು. ಎತ್ತು, ಕುರಿ, ನಾಯಿ, ಕೋಳಿಯನ್ನು ನಟನೆಗೆ ಬಳಸಿದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಮಂಡಳಿಯ ಕಚೇರಿ ಹರಿಯಾಣದ ಬಲ್ಲಭಗಢದಲ್ಲಿದೆ. ಅನುಮತಿಯನ್ನು ಶೂಟಿಂಗ್‌ಗೆ ಮೊದಲೇ ತೆಗೆದುಕೊಳ್ಳಬೇಕು. ಎರಡು, ಬೀಡಿ-ಸಿಗರೇಟು. ಅಂಥ ದೃಶ್ಯ ಇದ್ದರೆ ಶುರುವಿನಲ್ಲಿ ಮತ್ತು ಮಧ್ಯಂತರದ ನಂತರ ತಂಬಾಕು ವಿರೋಧಿ ಚಿತ್ರಿಕೆ ಹಾಕಬೇಕು, ದೃಶ್ಯ ನಡೆಯುವಾಗ ಕೆಳಗೆ ಎಚ್ಚರಿಕೆಯ ಸಾಲು ಇರಬೇಕು. ಹತ್ತು ಸಲ ಬೀಡಿ ಹಚ್ಚುವ ತಾತನ ಪಾತ್ರ ಇದ್ದರೆ ಹತ್ತು ಸಲವೂ ಆ ಸಾಲು ಬರುತ್ತದೆ. ಎಡಿಟಿಂಗ್ ಟೇಬಲ್ ಮೇಲೆ ಕೂತಾಗಲೇ ಯೋಚಿಸಿ.

ಸರ್ಟಿಫಿಕೇಟ್‌ನ ತಾರೀಖು ಬಹಳ ಮುಖ್ಯ. ರಾಷ್ಟ್ರ ಪ್ರಶಸ್ತಿಗೆ ಕ್ಯಾಲೆಂಡರ್ ವರ್ಷವನ್ನು ನೋಡುತ್ತಾರೆ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ಸಿಗುವ ಸರ್ಟಿಫಿಕೇಟಿಗೂ ಜನವರಿ ಮೊದಲ ವಾರದ್ದಕ್ಕೂ ಒಂದು ವರ್ಷದ ವ್ಯತ್ಯಾಸ. ರಾಜ್ಯದ ಸಹಾಯಧನಕ್ಕೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಅರ್ಜಿ ಕರೆಯುತ್ತದೆ, ಸಮಿತಿ ಸಿನಿಮಾ ನೋಡಿ ಆಯ್ಕೆ ಮಾಡುತ್ತದೆ. ತಪ್ಪದೇ ಅರ್ಜಿ ಹಾಕಿ. ಆದರೆ ಆ ದುಡ್ಡನ್ನು ನಂಬಿ ಬಡ್ಡಿಗೆ ಸಾಲ ತರಬೇಡಿ. ಅದು ಕೈಗೆ ಬರುವುದು ತಡವಾಗುತ್ತದೆ, ಬಡ್ಡಿ ತಡವಾಗುವುದಿಲ್ಲ.

ಚಿತ್ರೋತ್ಸವಗಳು: ಯಾವುದು ಮೊದಲು

ಹೊರದೇಶದ ದೊಡ್ಡ ಚಿತ್ರೋತ್ಸವಗಳು ಬೇರೆಲ್ಲೂ ತೋರಿಸದ ಸಿನಿಮಾವನ್ನೇ ಕೇಳುತ್ತವೆ. ಯೂಟ್ಯೂಬ್‌ನಲ್ಲಿ ಹಾಕಿದ ಮೇಲೆ ಆ ಬಾಗಿಲು ಮುಚ್ಚಿದ ಹಾಗೆಯೇ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಚಿತ್ರೋತ್ಸವ, ಆಮೇಲೆ ಥಿಯೇಟರ್, ಆಮೇಲೆ ಓಟಿಟಿ, ಟಿವಿ, ಕೊನೆಗೆ ಯೂಟ್ಯೂಬ್.

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕನ್ನಡ ಚಿತ್ರಗಳಿಗೇ ಒಂದು ಸ್ಪರ್ಧಾ ವಿಭಾಗವಿದೆ. ಗೋವಾದ ಇಫಿಯಲ್ಲಿ, ಅಂದರೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ, ಭಾರತೀಯ ಚಿತ್ರಗಳಿಗಾಗಿ ಇಂಡಿಯನ್ ಪನೋರಮಾ ವಿಭಾಗ ಇದೆ. ಅದೇ ಸಮಯಕ್ಕೆ ಅಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ (ಎನ್‌ಎಫ್‌ಡಿಸಿ) ನಡೆಸುವ ಫಿಲ್ಮ್ ಬಜಾರ್ ಇರುತ್ತದೆ. ಈಗ ಅದಕ್ಕೆ ವೇವ್ಸ್ ಫಿಲ್ಮ್ ಬಜಾರ್ ಅಂತ ಹೆಸರು. ಅಲ್ಲಿನ ವ್ಯೂಯಿಂಗ್ ರೂಮ್‌ಗೆ ನಿಮ್ಮ ಸಿನಿಮಾ ಹಾಕಿದರೆ ಕೊಳ್ಳುವವರು, ಚಿತ್ರೋತ್ಸವದ ಆಯ್ಕೆದಾರರು ಅಲ್ಲೇ ಕೂತು ನೋಡುತ್ತಾರೆ. ಎಡಿಟಿಂಗ್ ಹಂತದಲ್ಲಿರುವ ಚಿತ್ರಗಳಿಗೂ ಪ್ರತ್ಯೇಕ ವಿಭಾಗವಿದೆ. ಒಂದು ಚಿತ್ರೋತ್ಸವಕ್ಕೆ ಮಾತ್ರ ಹೋಗುವಷ್ಟು ದುಡ್ಡಿದ್ದರೆ ನಾನು ಗೋವಾಕ್ಕೇ ಹೋಗಿ ಅನ್ನುತ್ತೇನೆ. ಹೊರಡುವ ಮುಂಚೆ ಇಂಗ್ಲಿಷ್ ಸಬ್‌ಟೈಟಲ್ ಅನ್ನು ಎರಡೂ ಭಾಷೆ ಚೆನ್ನಾಗಿ ಬಲ್ಲವರಿಂದ ತಿದ್ದಿಸಿ. ಮಧುಗಿರಿಯ ಅಜ್ಜಿಯ ಬೈಗುಳ ಸಬ್‌ಟೈಟಲ್‌ನಲ್ಲಿ ಸಪ್ಪೆಯಾದರೆ ದೃಶ್ಯವೇ ಸತ್ತುಹೋಗುತ್ತದೆ.

ಚಿತ್ರೋತ್ಸವದ ಹೆಸರಿನಿಂದ ಥಿಯೇಟರ್ ತಾನಾಗಿ ತೆರೆಯುವುದಿಲ್ಲ. ಕನ್ನಡದ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, ಥಿಯೇಟರ್‌ಗೆ ಬಂದದ್ದು 2024ರಲ್ಲಿ. ಅಷ್ಟು ಕಾಲ ಕಾಯುವ ಶಕ್ತಿ ನಿಮ್ಮ ಬಳಿ ಇದೆಯಾ ಅಂತ ಮೊದಲೇ ಲೆಕ್ಕ ಹಾಕಿ.

ವಿತರಕರ ಜೊತೆ ಮಾತು

ಒಪ್ಪಂದಗಳು ಸಾಮಾನ್ಯವಾಗಿ ನಾಲ್ಕು ಬಗೆ. ಒಂದೇ ಸಲ ದುಡ್ಡು ಕೊಟ್ಟು ಹಕ್ಕು ಕೊಳ್ಳುವುದು. ಎಂ.ಜಿ., ಅಂದರೆ ಕನಿಷ್ಠ ಇಷ್ಟು ಅಂತ ಖಾತ್ರಿ ಕೊಟ್ಟು, ಅದರ ಮೇಲೆ ಬಂದದ್ದನ್ನು ಹಂಚಿಕೊಳ್ಳುವುದು. ಅಡ್ವಾನ್ಸ್ ಕೊಟ್ಟು, ಗಳಿಕೆ ಕಡಿಮೆಯಾದರೆ ವಾಪಸ್ ಕೇಳುವುದು. ಕೊನೆಯದು ಕಮಿಷನ್: ಖರ್ಚೆಲ್ಲ ನಿಮ್ಮದು, ವಿತರಕರು ಸಿನಿಮಾ ಹಾಕಿಸಿ ಲೆಕ್ಕ ತಂದುಕೊಡುತ್ತಾರೆ. ಹೊಸಬರ ಸಿನಿಮಾಕ್ಕೆ ಹೆಚ್ಚಾಗಿ ಸಿಗುವುದು ಈ ಕೊನೆಯದೇ. ಅದರಲ್ಲಿ ಅವಮಾನ ಏನೂ ಇಲ್ಲ. ಆದರೆ ಖರ್ಚು ನಿಮ್ಮದೇ ಆದ ಮೇಲೆ ಎಲ್ಲಿ ಎಷ್ಟು ಶೋ ಅನ್ನುವ ತೀರ್ಮಾನವೂ ನಿಮ್ಮದೇ ಆಗಿರಬೇಕು.

ಬೆಂಗಳೂರು ನಗರವನ್ನು ಒಂದು ಕಾಗದದಲ್ಲಿ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನು ಇನ್ನೊಂದರಲ್ಲಿ ಬರೆಸಿ. ‘ಹಾಗೆ ಯಾರೂ ಮಾಡೋದಿಲ್ಲ ಸಾರ್’ ಅಂತ ಹೇಳಬಹುದು. ಸಿನಿಮಾ ಚಿಕ್ಕದು, ಅವರಿಗೂ ಆ ಊರುಗಳಿಂದ ದೊಡ್ಡ ಲಾಭದ ನಿರೀಕ್ಷೆ ಇರುವುದಿಲ್ಲ, ಹಾಗಾಗಿ ಗಟ್ಟಿಯಾಗಿ ಕೇಳಿದರೆ ಒಪ್ಪುವವರು ಸಿಗುತ್ತಾರೆ.

ಒಪ್ಪಂದದಲ್ಲಿ ಅವಧಿ, ಪ್ರದೇಶ, ಮಾಧ್ಯಮ, ಈ ಮೂರನ್ನೂ ಬಿಡಿಸಿ ಬರೆಸಿ. ಥಿಯೇಟರ್, ಸ್ಯಾಟಲೈಟ್ (ಟಿವಿ), ಡಿಜಿಟಲ್, ಆಡಿಯೊ, ಡಬ್ಬಿಂಗ್, ರೀಮೇಕ್, ಹೊರದೇಶ, ಎಲ್ಲವೂ ಬೇರೆ ಬೇರೆ ಹಕ್ಕು. ಸಣ್ಣ ಸಿನಿಮಾಕ್ಕೂ ಹಿಂದಿ ಡಬ್ಬಿಂಗ್ ಹಕ್ಕನ್ನು ಕೇಳಿಕೊಂಡು ಬರುವವರು ಇರುತ್ತಾರೆ. ಅದನ್ನು ಬೇರೆ ಯಾವುದರ ಜೊತೆಗೂ ಪುಕ್ಕಟೆ ಸೇರಿಸಬೇಡಿ. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಸೆಕ್ಷನ್ ನಿಮ್ಮ ಪರವಾಗಿದೆ, ವಕೀಲರ ಜೊತೆ ಕೂತು ಓದಿ. ಹಕ್ಕು ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ತೆಗೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೇ ಇದ್ದಾಗ ವರ್ಗಾವಣೆ ರದ್ದಾಗುತ್ತದೆ. ಇದಕ್ಕೇ ಕೆಲವರು ‘ಶಾಶ್ವತವಾಗಿ, ಇಡೀ ವಿಶ್ವಕ್ಕೆ’ ಅಂತ ಮುದ್ರಿಸಿದ ಕಾಗದವನ್ನೇ ಮುಂದಿಡುತ್ತಾರೆ. ಸಹಿ ಹಾಕುವ ದಿನ ಅವಸರ ಬೇಡ. ಕಾಗದವನ್ನು ಮನೆಗೆ ತನ್ನಿ, ಒಂದು ರಾತ್ರಿ ಇಟ್ಟುಕೊಂಡು ಓದಿ.

ಒಂದು ವಾರದ ಲೆಕ್ಕ

ಮಲ್ಟಿಪ್ಲೆಕ್ಸ್‌ನಲ್ಲಿ ಶೇರ್ ಪದ್ಧತಿ, ಅಂದರೆ ಟಿಕೆಟ್ ದುಡ್ಡನ್ನು ಹಂಚಿಕೊಳ್ಳುವುದು. ಮೊದಲ ವಾರ ತೆರಿಗೆ ಕಳೆದು ಸುಮಾರು ಅರ್ಧ ಸಿನಿಮಾದವರಿಗೆ, ನಂತರ ಆ ಪಾಲು ವಾರ ವಾರಕ್ಕೂ ಇಳಿಯುತ್ತದೆ. ಒಂಟಿ ಥಿಯೇಟರ್‌ಗಳಲ್ಲಿ ವಾರದ ಬಾಡಿಗೆ ಅಥವಾ ಶೇರ್. ಇದರ ಮೇಲೆ ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ. ಯುಎಫ್‌ಒ, ಕ್ಯೂಬ್ ಅಂತ ಈ ಸೇವೆ ಕೊಡುವ ಕಂಪನಿಗಳಿವೆ. ನಿಮ್ಮ ಊರಿನ ಥಿಯೇಟರ್‌ನಲ್ಲಿರುವುದು ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಲೆಕ್ಕ ತಿಳಿಯಲಿ ಅಂತ ಊಹೆಯ ಅಂಕಿಗಳನ್ನು ಇಡುತ್ತೇನೆ. ನಿಮ್ಮ ಊರಿನ ನಿಜವಾದ ಅಂಕಿ ಹಾಕಿ ಮತ್ತೆ ಮಾಡಿ. ವಾರದ ಬಾಡಿಗೆ 1,00,000, ಡಿಜಿಟಲ್ ಶುಲ್ಕ 10,000, ಪೋಸ್ಟರ್ ಮತ್ತು ಮೈಕ್ ಆಟೊ 25,000. ಒಟ್ಟು 1,35,000 ರೂಪಾಯಿ. ಟಿಕೆಟ್ 100 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಜಾಸ್ತಿಯಾದರೆ ಶೇ. 18. ತೆರಿಗೆ ಕಳೆದು ಸುಮಾರು 95 ರೂಪಾಯಿ ಉಳಿಯುತ್ತದೆ. ಅಂದರೆ ವಾರಕ್ಕೆ 1,420ಕ್ಕೂ ಹೆಚ್ಚು ಟಿಕೆಟ್ ಹೋದರೆ ಮಾತ್ರ ಹಾಕಿದ ಖರ್ಚು ವಾಪಸ್ ಬರುತ್ತದೆ. ದಿನಕ್ಕೆ ನಾಲ್ಕು ಶೋ ಆದರೆ ಒಂದು ಶೋಗೆ 51 ಜನ.

ಭಾನುವಾರ ಫಸ್ಟ್ ಶೋಗೆ 51 ಜನ ಬರುವುದು ದೊಡ್ಡದಲ್ಲ. ಮಂಗಳವಾರದ ಮಾರ್ನಿಂಗ್ ಶೋಗೆ ದೊಡ್ಡದು. ಆದ್ದರಿಂದ ನಾಲ್ಕೂ ಶೋ ಬಾಡಿಗೆಗೆ ಹೋಗಬೇಡಿ. ದಿನಕ್ಕೆ ಒಂದೇ ಶೋ, ಶೇರ್ ಮೇಲೆ ಕೊಡಿ ಅಂತ ಕೇಳಿ. ಸಂಜೆಯ ಆಟ ಸಿಕ್ಕರೆ ಒಳ್ಳೆಯದು. ಹಳ್ಳಿಯಿಂದ ಬರುವವರಿಗೆ ಕೊನೆ ಬಸ್ ಎಷ್ಟಕ್ಕೆ ಅಂತ ನೋಡಿಕೊಂಡು ಸಮಯ ಗೊತ್ತು ಮಾಡಿ. ಸೆಕೆಂಡ್ ಶೋ ಮುಗಿದಾಗ ಕೊರಟಗೆರೆ ಕಡೆಗೆ ಬಸ್ ಇಲ್ಲದಿದ್ದರೆ ಆ ಹಳ್ಳಿಯವರು ಬರುವುದಿಲ್ಲ.

ಡಿ.ಸಿ.ಆರ್. ಓದುವುದನ್ನು ಕಲಿಯಿರಿ. ದಿನದ ಕಲೆಕ್ಷನ್ ವರದಿ ಅದು. ಶೋ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಟಿಕೆಟ್ ಕೌಂಟರ್ ಹತ್ತಿರ ಹೋಗಿ ನಿಲ್ಲಿ. ಬುಕಿಂಗ್ ಗುಮಾಸ್ತರು ಬಾಲ್ಕನಿಗೆ ಒಂದು ಸಾಲು, ಸೆಕೆಂಡ್ ಕ್ಲಾಸ್‌ಗೆ ಒಂದು ಸಾಲು ಬರೆಯುತ್ತಾರೆ. ಪ್ರತಿ ಸಾಲಿನಲ್ಲಿ ಶೋ ಶುರುವಾದಾಗಿನ ಟಿಕೆಟ್ ನಂಬರ್, ಪಕ್ಕದಲ್ಲಿ ನಿಂತ ನಂಬರ್. ಬಾಲ್ಕನಿ 4301ರಿಂದ ಶುರುವಾಗಿ ಮುಂದೆ ಕೊಡಬೇಕಾದ ಟಿಕೆಟ್ 4338 ಆಗಿದ್ದರೆ 37 ಟಿಕೆಟ್ ಹೋಗಿದೆ. ಈಗ ಒಳಗೆ ಹೋಗಿ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ತಲೆ ಎಣಿಸಿ. ಎರಡೂ ಹೊಂದಬೇಕು. ಆನ್‌ಲೈನ್ ಬುಕಿಂಗ್ ಇದ್ದರೆ ಅದರ ಸಂಖ್ಯೆ ಬೇರೆ ಬರುತ್ತದೆ, ಸೇರಿಸಿ ನೋಡಿ. ಪ್ರತಿ ರಾತ್ರಿ ಸಹಿ ಆದ ಡಿ.ಸಿ.ಆರ್.ನ ಫೋಟೊ ನಿಮ್ಮ ಫೋನಿಗೆ ಬರಬೇಕು ಅಂತ ಒಪ್ಪಂದದಲ್ಲೇ ಬರೆಸಿ. ಎರಡು ತಾಲೂಕುಗಳಲ್ಲಿ ಒಟ್ಟಿಗೆ ಓಡುತ್ತಿದ್ದರೆ ನಂಬಿಕಸ್ತರೊಬ್ಬರನ್ನು ರೆಪ್ (ನಿಮ್ಮ ಪ್ರತಿನಿಧಿ) ಆಗಿ ಕಳಿಸಿ. ಚಿತ್ರತಂಡದ ಸಹಾಯಕ ನಿರ್ದೇಶಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಯಾವ ದೃಶ್ಯಕ್ಕೆ ಜನ ಫೋನ್ ತೆಗೆಯುತ್ತಾರೆ ಅಂತಲೂ ಗೊತ್ತಾಗುತ್ತದೆ.

ಥಿಯೇಟರ್ ಆಚೆ

ತುಮಕೂರಿನಲ್ಲಿ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ, ಕೋಲಾರದಲ್ಲಿ ಟಿ. ಚನ್ನಯ್ಯ ರಂಗಮಂದಿರ ಇದೆ. ಕಾಲೇಜುಗಳ ಸಭಾಂಗಣಗಳಿವೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಂಥ ಜಾಗಕ್ಕೆ ಹುಣ್ಣಿಮೆಯ ರಾತ್ರಿ ಹಾಡು, ನಾಟಕಕ್ಕೆ ಜನ ಬೆಟ್ಟ ಹತ್ತಿ ಬಂದಿದ್ದಾರೆ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ. ಊರೂರಿಗೆ ಹೋಗಿ ಟೆಂಟ್ ಹಾಕಿ ಟಿಕೆಟ್ ಮಾರಿ ಆಟ ಆಡುವುದು ಈ ನೆಲಕ್ಕೆ ಹೊಸದಲ್ಲ. ಸಿನಿಮಾಕ್ಕೂ ಅದೇ ದಾರಿ ಹಿಡಿಯಬಹುದು.

ನಿಯಮ ತಿಳಿದಿರಲಿ. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕೇ ಬೇಕು. ಥಿಯೇಟರ್ ಅಲ್ಲದ ಜಾಗದಲ್ಲಿ ಟಿಕೆಟ್ ಇಟ್ಟು ತೋರಿಸುವುದಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅನುಮತಿ ಕೇಳಿ. ಸುಲಭದ ದಾರಿ ಅಂದರೆ ಸಂಘ-ಸಂಸ್ಥೆಗಳೇ ಪ್ರದರ್ಶನ ಏರ್ಪಡಿಸಿ, ನಿಮಗೆ ಒಂದು ಶೋಗೆ ಇಷ್ಟು ಅಂತ ಕೊಡುವುದು. ಕನ್ನಡ ಸಂಘ, ಶಿಕ್ಷಕರ ಸಂಘ, ಸ್ತ್ರೀಶಕ್ತಿ ಗುಂಪುಗಳ ಒಕ್ಕೂಟ, ರೈತ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ, ಎಲ್ಲರ ಬಳಿಯೂ ಹೋಗಿ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಏನಾದರೂ ಬೇಕು ಅಂತ ಅವರೇ ಹುಡುಕುತ್ತಿರುತ್ತಾರೆ. ಬೆಂಗಳೂರಿನ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗೂ ಪತ್ರ ಬರೆಯಿರಿ.

ರಂಗಮಂದಿರದಲ್ಲಿ ನಿಜವಾದ ತೊಂದರೆ ಶಬ್ದ. ನಾಟಕಕ್ಕೆ, ಭಾಷಣಕ್ಕೆ ಕಟ್ಟಿದ ಸಭಾಂಗಣದಲ್ಲಿ ಥಿಯೇಟರ್‌ಗೆ ಅಂತ ಮಾಡಿದ 5.1 ಮಿಕ್ಸ್ (ಸುತ್ತಲಿನ ಸ್ಪೀಕರ್‌ಗಳಿಗೆ ಶಬ್ದ ಹಂಚುವ ಮಿಕ್ಸ್) ಹಾಕಿದರೆ ಮಾತು ಗೋಡೆಗೆ ಬಡಿದು ಕಲಸಿಹೋಗುತ್ತದೆ. ಹಿನ್ನೆಲೆ ಸಂಗೀತ ಜೋರಾಗಿ, ಅಮ್ಮ-ಮಗನ ಪಿಸುಮಾತು ಏನೆಂದೇ ತಿಳಿಯುವುದಿಲ್ಲ. ಆದ್ದರಿಂದ ಮಾತು ಎರಡು ಮೆಟ್ಟಿಲು ಜಾಸ್ತಿ ಇರುವ ಒಂದು ಸ್ಟೀರಿಯೊ ಮಿಕ್ಸ್ ಅನ್ನು ಸೌಂಡ್ ಎಂಜಿನಿಯರ್ ಕೈಲಿ ಬೇರೆಯಾಗಿ ಮಾಡಿಸಿ. ಹಿಂದಿನ ದಿನವೇ ಹೋಗಿ, ಅತಿ ಸಣ್ಣ ದನಿಯ ದೃಶ್ಯ ಹಾಕಿ, ಕೊನೆಯ ಸಾಲಿನಲ್ಲಿ ಕೂತು ಕೇಳಿ. ಖಾಲಿ ಸಭಾಂಗಣಕ್ಕಿಂತ ಜನ ತುಂಬಿದಾಗ ಪ್ರತಿಧ್ವನಿ ಕಡಿಮೆಯಾಗುತ್ತದೆ, ಆ ಅಂದಾಜೂ ಇರಲಿ. ಕಿಟಕಿಗಳಿಗೆ ದಪ್ಪ ಪರದೆ ಕಟ್ಟಿಸಿದರೆ ಬೆಳಕೂ ನಿಲ್ಲುತ್ತದೆ, ಶಬ್ದವೂ ತಿಳಿಯಾಗುತ್ತದೆ.

ತಾರೀಖು ಮತ್ತು ಪ್ರಚಾರ

ಐಪಿಎಲ್ ನಡೆಯುವ ಮಾರ್ಚ್‌ನಿಂದ ಮೇವರೆಗಿನ ಸಂಜೆಗಳು ಕಷ್ಟ. ಮಾರ್ಚ್-ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬೇರೆ. ರಾಗಿ ಕೊಯ್ಲಿನ ಸಮಯದಲ್ಲಿ ಹಳ್ಳಿಯವರಿಗೆ ಬಿಡುವಿರುವುದಿಲ್ಲ. ಶಿವರಾತ್ರಿಗೆ ಸಿದ್ಧಗಂಗೆ, ನಂದಿ, ಆವಣಿಯಲ್ಲಿ ಜಾತ್ರೆ. ಆಗ ಸಿನಿಮಾ ಬಿಡುಗಡೆ ಬೇಡ, ಆದರೆ ಕರಪತ್ರ ಹಂಚಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗಣೇಶನ ಹಬ್ಬದಲ್ಲಿ ಆರ್ಕೆಸ್ಟ್ರಾ ನಡೆಯುವ ಕಡೆ ಎಲ್‌ಇಡಿ ಪರದೆ ಹಾಕಿರುತ್ತಾರೆ. ಎರಡು ಹಾಡುಗಳ ನಡುವೆ ನಿಮ್ಮ ಟ್ರೇಲರ್ ಹಾಕಿ ಅಂತ ಗೆಳೆಯರ ಬಳಗದ ಹುಡುಗರನ್ನು ಕೇಳಿ. ನಿಮ್ಮ ನಟರು ಆ ವೇದಿಕೆ ಹತ್ತಿ ಒಂದು ನಮಸ್ಕಾರ ಹೇಳಲಿ.

ಬೆಂಗಳೂರು ನಮ್ಮ ಊರುಗಳಿಗೆ ಒಂದೆರಡು ಗಂಟೆಯ ದಾರಿ. ಕಾಲೇಜು ಹುಡುಗರು ಸಿನಿಮಾ ನೋಡಲು ಅಲ್ಲಿನ ಮಾಲ್‌ಗೆ ಹೋಗುವುದು ಮಾಮೂಲು. ಅವರು ಊರಲ್ಲೇ ನಿಲ್ಲಬೇಕಾದರೆ ಮಾಲ್‌ನಲ್ಲಿ ಸಿಗದ್ದು ಏನಾದರೂ ಇರಬೇಕು. ಶೋ ಮುಗಿದ ಮೇಲೆ ನಿರ್ದೇಶಕರು, ನಟರು ಬಂದು ಅರ್ಧ ಗಂಟೆ ಮಾತಾಡಲಿ. ಬಿಡುಗಡೆಗೆ ಒಂದು ವಾರ ಮೊದಲು ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿ. 2025ರಲ್ಲಿ ‘ಸು ಫ್ರಮ್ ಸೋ’ ಚಿತ್ರತಂಡ ಬಿಡುಗಡೆಗೆ ಮುಂಚೆ ಊರುಗಳಲ್ಲಿ ಪೇಯ್ಡ್ ಪ್ರೀಮಿಯರ್ ಮಾಡಿತ್ತು. ಅಲ್ಲಿಂದ ಹುಟ್ಟಿದ ಬಾಯಿಮಾತು ಆ ಸಿನಿಮಾಕ್ಕೆ ದೊಡ್ಡ ಬಲವಾಯಿತು. ಪುಕ್ಕಟೆ ಪಾಸ್ ಹಂಚಬೇಡಿ. ದುಡ್ಡು ಕೊಟ್ಟು ನೋಡಿದವರು ಇನ್ನೊಬ್ಬರಿಗೆ ಹೇಳುವ ಮಾತಿಗೆ ತೂಕ ಜಾಸ್ತಿ.

ಓಟಿಟಿ, ಟಿವಿ, ಯೂಟ್ಯೂಬ್

ಈಗ ಸಣ್ಣ ಕನ್ನಡ ಸಿನಿಮಾವನ್ನು ಒಂದೇ ಮೊತ್ತಕ್ಕೆ ಕೊಳ್ಳುವ ಓಟಿಟಿಗಳು ಅಪರೂಪ. ಹೆಚ್ಚಿನವು ನೋಡಿದ ಸಮಯದ ಲೆಕ್ಕದಲ್ಲಿ ಪಾಲು ಕೊಡುತ್ತವೆ, ಅದೂ ಮಧ್ಯವರ್ತಿ ಕಂಪನಿಗಳ ಮೂಲಕ. ಮಧ್ಯವರ್ತಿಯ ಕಮಿಷನ್ ಎಷ್ಟು, ವರದಿ ಎಷ್ಟು ತಿಂಗಳಿಗೊಮ್ಮೆ, ಒಪ್ಪಂದದಿಂದ ಹೊರಬರುವುದು ಹೇಗೆ ಅಂತ ಕೇಳಿ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಅನ್ನುವ ಓಟಿಟಿ ಶುರು ಮಾಡಿದೆ. ರಾಜ್ಯ ಸರ್ಕಾರವೂ 2025-26ರ ಬಜೆಟ್‌ನಲ್ಲಿ ಕನ್ನಡಕ್ಕೊಂದು ಓಟಿಟಿ ಅಂತ ಘೋಷಿಸಿದೆ. ಯಾರಿಗಾದರೂ ಎಲ್ಲ ಕಡೆಯ ಡಿಜಿಟಲ್ ಹಕ್ಕು ಕೊಡುವ ಮುಂಚೆ ಇಂಥ ಬಾಗಿಲುಗಳನ್ನು ತಟ್ಟಿ.

ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ ಚಾನೆಲ್‌ಗೆ 1,000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಹಾಗಾಗಿ ಸಿನಿಮಾ ಹಾಕುವ ದಿನ ಚಾನೆಲ್ ಶುರು ಮಾಡುವುದಲ್ಲ. ಮೇಕಿಂಗ್ ವಿಡಿಯೊ, ಹಾಡು, ಊರಿನ ಕಲಾವಿದರ ಮಾತು, ಇವನ್ನೆಲ್ಲ ಶೂಟಿಂಗ್ ಕಾಲದಿಂದಲೇ ಹಾಕುತ್ತಾ ಬನ್ನಿ.

ಬಿಡುಗಡೆಯ ನಂತರ

ದುಡ್ಡು ಹಾಕಿದವರಿಗೆ, ಸಂಬಳ ಬಾಕಿ ಇಟ್ಟುಕೊಂಡು ಕೆಲಸ ಮಾಡಿದವರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕಳಿಸಿ. ಬಂದದ್ದು ಸೊನ್ನೆಯಾದರೂ ಕಳಿಸಿ. ಮುಂದಿನ ಸಿನಿಮಾಕ್ಕೆ ಅವರೇ ಬರಬೇಕು. ಪೂರ್ಣ ಗುಣಮಟ್ಟದ ಮಾಸ್ಟರ್, ಡಿಸಿಪಿ (ಥಿಯೇಟರ್‌ನಲ್ಲಿ ಹಾಕುವ ಡಿಜಿಟಲ್ ಪ್ರತಿ), ಮಾತು-ಸಂಗೀತ-ಶಬ್ದ ಬೇರೆ ಬೇರೆ ಇರುವ ಸೌಂಡ್ ಫೈಲ್‌ಗಳು, ಸಬ್‌ಟೈಟಲ್, ಸೆನ್ಸಾರ್ ಸರ್ಟಿಫಿಕೇಟ್, ಒಪ್ಪಂದಗಳ ಸ್ಕ್ಯಾನ್, ಎಲ್ಲವನ್ನೂ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಹಾಕಿ ಎರಡು ಬೇರೆ ಊರುಗಳಲ್ಲಿ ಇಡಿ. ವರ್ಷಕ್ಕೊಮ್ಮೆ ಎರಡನ್ನೂ ಕಂಪ್ಯೂಟರ್‌ಗೆ ಹಾಕಿ, ತೆರೆಯುತ್ತದಾ ಅಂತ ನೋಡಿ. ಡಬ್ಬಿಂಗ್ ಹಕ್ಕು ಕೇಳಿಕೊಂಡು ಮೂರು ವರ್ಷದ ಮೇಲೆ ಯಾರಾದರೂ ಫೋನ್ ಮಾಡಿದರೆ ಅವರಿಗೆ ಮೊದಲು ಬೇಕಾಗುವುದು ಮಾತಿಲ್ಲದ ಆ ಸಂಗೀತ ಮತ್ತು ಶಬ್ದದ ಟ್ರ್ಯಾಕ್.